ಹಸಿ ಗಾರೆ

"ಹಟ್ಟಿಯವರಿಗೆ ಹೊರಗಿಂದ್ಲೇ ಬಟ್ಟೆ ಕೊಡೋ ಕಿಂಡಿ ಎಲ್ರೀ?" ಸಾಹುಕಾರರು ನಕ್ಷೆಯನ್ನು ಶಫೀವುಲ್ಲಾನ ಮುಖದ ಮುಂದೆ ಹಿಡಿದರು. "ಮಂಡ್ಯದ ಅಂಗಡೀಲಿದೆ, ಮಳವಳ್ಳೀಲಿದೆ. ಈ ಮದ್ದೂರಿನ ಹಟ್ಟಿಯವರೇನು ಒಳಕ್ಕೇ ಬಂದು ಮುಟ್ಟಬೇಕೇ?"

ಸಾಹುಕಾರರ ಜವಳಿ ಅಂಗಡಿಗಳಿಗೆ ಜಾಗ ಹುಡುಕಿ ಕಟ್ಟಿಸುವ ಕೆಲಸ ಶಫೀವುಲ್ಲಾನದು. ಆ ಎರಡು ಊರಲ್ಲೂ ಕಿಂಡಿಗೆ ಗೆರೆ ಗೀರಿದ್ದು ಅವನೇ, ಅದೂ ತುಟಿ ಪಿಟಕ್ಕೆನ್ನದೆ. ಮಳವಳ್ಳಿಯಲ್ಲಿ ಕಿಂಡಿಯಿಂದ ಎಸೆದ ಸೀರೆಯನ್ನು ಹೆಂಗಸೊಬ್ಬಳು ಕೆಸರಿನಿಂದ ಎತ್ತಿಕೊಂಡದ್ದನ್ನು ಕಂಡಮೇಲೆ, ಇಲ್ಲಿ ಬೇಕೆಂದೇ ಕಿಂಡಿ ಬಿಡಿಸಿರಲಿಲ್ಲ. ಗೋಡೆ ಕಟ್ಟಿದ ಕೆಂಪಸಿದ್ದಯ್ಯನೂ ಊರವರು ಮುಟ್ಟಿಸಿಕೊಳ್ಳದ ಆ ಹಟ್ಟಿಯವನೇ. ಗಾರೆ ಮೆತ್ತಿದ ಕೈಯಲ್ಲೇ ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳುತ್ತಿದ್ದ.

"ಇವತ್ತೇ ಒಡೆಸಿ. ಗೆರೆ ಹಾಕಿ."

"ಇನ್ನು ನನ್ನ ಕೈಲಾಗಲ್ಲ ಸ್ವಾಮಿ." ಶಫೀವುಲ್ಲಾ ಗೋಡೆಗೆ ಗೆರೆ ಗೀರುವ ತನ್ನ ಕೈಲಿದ್ದ ಮೊಳೆಯನ್ನು ಅವರತ್ತ ಚಾಚಿದ. "ಬೇಕಾದ್ರೆ ನೀವೇ ಗೀರಿ."

ಸಾಹುಕಾರರು ಮೊಳೆ ಕಿತ್ತುಕೊಂಡು, ಇನ್ನೊಂದು ಕೈಯನ್ನು ಗೋಡೆಗೆ ಆನಿಸಲು ಹೋದರು. ಬೆಳಿಗ್ಗೆಯಷ್ಟೇ ಬರಿಗೈಯಲ್ಲಿ ಮೆತ್ತಿದ ಗಾರೆ ಇನ್ನೂ ಹಸಿಯಾಗಿತ್ತು. ಮೇಲಿಂದ ಕೆಳಗಿನವರೆಗೂ ಕೆಂಪಸಿದ್ದಯ್ಯನ ಅಂಗೈಯ ಅಚ್ಚು, ಐದೈದು ಬೆರಳು. ಸಾಹುಕಾರರ ಕೈ ಗೋಡೆಯಿಂದ ಗೇಣು ದೂರದಲ್ಲೇ ನಿಂತುಬಿಟ್ಟಿತು.

ಕೆಂಪಸಿದ್ದಯ್ಯ ಆ ಕೈಯನ್ನೇ ನೋಡಿದ. ತನ್ನ ಕೈ ಒರೆಸಿಕೊಳ್ಳಲಿಲ್ಲ.

"ನಾಳೀಕ್ ಬನ್ನಿ ಸ್ವಾಮಿ," ಎಂದ. "ಒಣಗ್ಲಿ. ಮ್ಯಾಲೆ ಸುಣ್ಣ ಬಳ್ದುಬುಡ್ತೀನಿ. ಆಗ ಯಾರ್ ಮುಟ್ಟಿದ್ ಗೋಡೆ ಅಂತ ಗೊತ್ತಾಗಕಿಲ್ಲ."