ಬಲಗಡೆಯ ಹೂವು

ನಾಳೆ ಬೆಳಗ್ಗೆ ಮೂತ್ರಚೀಲವನ್ನೇ ತೆಗೆಯುವ ಆಪರೇಷನ್ನು. ಮೂವತ್ತು ವರ್ಷ ಊರಮ್ಮನ ಪೂಜೆ ಮಾಡಿದ ಪೂಜಾರಿ ಆಸ್ಪತ್ರೆಯ ಮಂಚದಲ್ಲಿ ಮುದುಡಿ ಮಲಗಿದ್ದ. ಬಲಗಡೆಯ ಹೂ ಬಿದ್ದರೆ ಅಮ್ಮ ಒಪ್ಪಿದಳು, ಎಡಗಡೆಯದು ಬಿದ್ದರೆ ಇಲ್ಲ ಎಂದು ಎಷ್ಟು ಜನಕ್ಕೆ ಹೇಳಿದ್ದನೋ. ಈಗ ಕೆಳಹೊಟ್ಟೆಯ ಉರಿಗಿಂತ ಭಯವೇ ಅವನನ್ನು ಹೆಚ್ಚು ಸುಡುತ್ತಿತ್ತು. ಕ್ಯಾನ್ಸರು ಎಲ್ಲಿಯವರೆಗೆ ಹರಡಿದೆಯೋ ಹೊಟ್ಟೆ ತೆರೆದ ಮೇಲೆಯೇ ಗೊತ್ತು ಎಂದಿದ್ದರು ಡಾಕ್ಟರು.

ಮಧ್ಯಾಹ್ನದ ಬಸ್ಸಿಗೆ ಹೆಂಡತಿ ಊರಿಂದ ಬಂದಳು. ಸೆರಗಿನ ಗಂಟು ಬಿಚ್ಚಿ ಒಂದು ಕೆಂಪು ಕಣಗಿಲೆಯನ್ನು ಅವನ ಕಣ್ಣಿಗೊತ್ತಿದಳು.

"ಅಮ್ಮನ ಹತ್ರ ಹೂ ಕೇಳಿದೆ ಕಣ್ರೀ. ಬಲಗಡೆಯದೇ ಬಿತ್ತು!"

ಅವನು ಎದ್ದು ಕುಳಿತ. "ನೀನೇ ನೋಡಿದೆಯಾ?"

"ಕಣ್ಣಾರೆ ನೋಡಿದೆ. 'ನಮ್ಮವರು ಎದ್ದು ಬರ್ತಾರಾ ತಾಯೀ' ಅಂದೆ, ಬಾಯಿ ಮುಚ್ಚೋದ್ರೊಳಗೆ ಬಿತ್ತು. ಎಡಗಡೆಯದು ಅಲುಗಾಡಲೂ ಇಲ್ಲ. ಇನ್ನಾದ್ರೂ ಮಗೂ ಥರ ಅಳೋದು ಬಿಟ್ಟು ಗಂಜಿ ಕುಡೀರಿ."

ತಿಂಗಳಿಂದ ಕಾಣದ ನಗು ಅವನ ಮುಖಕ್ಕೆ ಬಂತು. ಹೂವನ್ನು ಕಿವಿಗೆ ಸಿಕ್ಕಿಸಿಕೊಂಡು ಲೋಟ ತೆಗೆದುಕೊಂಡ.

"ಅಮ್ಮನಿಗೆ ಹೂ ಮುಡಿಸಿದ್ದು ಯಾರೇ?"

"ಇನ್ಯಾರು, ನಿಮ್ಮ ತಮ್ಮನೇ. ಪಾಪ, ಕಣ್ಣಲ್ಲಿ ನೀರು ಹಾಕ್ಕೊಂಡೇ ಮುಡಿಸಿದ."

ಲೋಟ ಹಿಡಿದ ಕೈ ಅಲ್ಲೇ ನಿಂತಿತು. ಉಳಿಯದ ರೋಗಿಯ ಮನೆಯವರು ಹೂ ಕೇಳಲು ಬಂದರೆ ಬಲಗಡೆಯದನ್ನು ಸಡಿಲವಾಗಿ ಮುಡಿಸು ಎಂದು ತಮ್ಮನಿಗೆ ಹೇಳಿಕೊಟ್ಟವನು ಅವನೇ.