ಉಲ್ಕಾ ಕುಳಿಯಲ್ಲಿ ಒಂದು ಜೊತೆ ಕಾಲುಚೀಲ

“ಕಾಲಿನ ಹತ್ರ ದೊಡ್ಡದು ಮಾಡಿ,” ಎಂದ ಹೇರಂಬ.

ಪರದೆಯ ಮೇಲೆ ಸುಬ್ಬಕೃಷ್ಣರ ಕಾಲುಚೀಲಗಳು ಹಿಗ್ಗಿದವು. ಬಿಳಿ ಬಟ್ಟೆಯ ತುಂಬ ಕಂದು ಕಲೆ. ಯಾರೂ ವಿವರಿಸಬೇಕಾಗಲಿಲ್ಲ. ಕಾಡಿಗೆ ಹೊರಡುವ ಮೊದಲು ರಕ್ತ ಹೀರುವ ಜಿಗಣೆ, ಅಂದರೆ ಇಂಬಳ, ಹತ್ತದಿರಲೆಂದು ಮಲೆನಾಡಿನವರು ತಿಕ್ಕಿಕೊಳ್ಳುವ ಸುಣ್ಣ, ಹೊಗೆಸೊಪ್ಪು.

ಫೋಟೊದಲ್ಲಿ ಅವರು ನಿಂತಿದ್ದದ್ದು ಮಾತ್ರ ಮರುಭೂಮಿಯ ಉಲ್ಕಾ ಕುಳಿಯಲ್ಲಿ. ಹಾಗೆಂದು ಅವರೇ ಹೇಳಿದ್ದರು.

ಸಾಗರದ ಆಕಾಶ ವೀಕ್ಷಕರ ಕೂಟ ಇಕ್ಕಟ್ಟಿಗೆ ಸಿಕ್ಕಿತ್ತು. ಆ ಕುಳಿ ನೋಡಿಬಂದ ಸದಸ್ಯನಿಗೆ ಸನ್ಮಾನ ಎಂದು ಸಾರಿದ್ದೇ ತಡ, ಜುಲೈ ಮುಗಿಯುವಷ್ಟರಲ್ಲಿ ಇಬ್ಬರು ಫೋಟೊ ತಂದರು. ಒಬ್ಬರು ಕೂಟವನ್ನು ಕಟ್ಟಿದ ತೀರ್ಥಹಳ್ಳಿಯ ನಿವೃತ್ತ ವಿಜ್ಞಾನ ಮೇಷ್ಟ್ರು ಸುಬ್ಬಕೃಷ್ಣ. ಇನ್ನೊಬ್ಬ ಹೊಸನಗರದ ವಿಮಾ ಏಜೆಂಟ್ ಹೇರಂಬ. ಎರಡರಲ್ಲೂ ಬೋಳು ನೆಲ, ಕೆಂಪು ಗೋಡೆ, ತಲೆಗೆ ರುಮಾಲು. ಒಂದು ಸುಳ್ಳೆಂದು ಎಲ್ಲರಿಗೂ ಅನುಮಾನ. ಸುಳ್ಳುಗಾರನನ್ನು ಕೂಟದಿಂದ ತೆಗೆಯುವುದೆಂದು ಮೊದಲೇ ಠರಾವಾಗಿತ್ತು.

ಹೇರಂಬನ ಫೋಟೊ ಕಣ್ಣಿಗೆ ಹಬ್ಬ. ತಂಪು ಕನ್ನಡಕ, ಹೊಸ ಚಪ್ಪಲಿ, ಬಲಗಾಲಿನ ಪಟ್ಟಿಯ ಅಂಚಿನಲ್ಲಿ ಮಿರಿಮಿರಿ ಮಿಂಚುವ ಕಪ್ಪು ಬಟನ್. ಅಧ್ಯಕ್ಷೆ ಕಾಮಾಕ್ಷಮ್ಮ ಅದು ಯಾವ ಕಂಪನಿಯದೆಂದು ವಿಚಾರಿಸಿದ್ದರು.

ಸುಬ್ಬಕೃಷ್ಣ ರೈಲು ಟಿಕೆಟ್ ತೋರಿಸಿದರು. ಟಿಕೆಟ್ ಕೊಂಡವರೆಲ್ಲ ರೈಲು ಹತ್ತುತ್ತಾರೆಯೇ ಎಂದು ಹೇರಂಬ ಕೇಳಿದ. ಅವನ ಟಿಕೆಟನ್ನು ಯಾರೂ ಕೇಳಲಿಲ್ಲ. ಅವನ ಕಾಲಿನಲ್ಲಿ ಕಲೆಯಿರಲಿಲ್ಲ.

“ಮರುಭೂಮಿಲಿ ಇಂಬಳ ಇರ್ತಾವ, ಮೇಷ್ಟ್ರೇ?” ಕಾಮಾಕ್ಷಮ್ಮ ಕೇಳಿದರು.

“ಇಲ್ಲಮ್ಮ. ಮಳೆಗಾಲ ಅಂದ್ರೆ ಕೈ ತಾನಾಗೇ ಹಚ್ಚುತ್ತೆ.”

ಸಭೆ ನಕ್ಕಿತು.

“ಇದು ಮೇಗರವಳ್ಳಿ ಹತ್ರದ ಹಳೇ ಕಲ್ಲುಕ್ವಾರಿ ಮಾರಾಯ್ರೆ,” ಎಂದ ಹೇರಂಬ. “ಮಳೆ ಬಿಟ್ಟು ಚೂರು ಬಿಸಿಲು ಬೀಳೋದನ್ನೇ ಕಾದು ಕೂರ್ಬೇಕು ಅಲ್ಲಿ. ನಂಗೆ ಗೊತ್ತಿಲ್ವಾ?”

ಕೈ ಎತ್ತಿಸಿ ತೀರ್ಮಾನವಾಯಿತು. ಸುಬ್ಬಕೃಷ್ಣರ ಸದಸ್ಯತ್ವ ರದ್ದು. ಇದು ವೈಜ್ಞಾನಿಕ ಮನೋಭಾವದ ಗೆಲುವು ಎಂದು ಕಾಮಾಕ್ಷಮ್ಮ ಬಣ್ಣಿಸಿದರು.

ಸುಬ್ಬಕೃಷ್ಣ ಹೊರಗೆ ಮೆಟ್ಟಿಲ ಮೇಲೆ ಕೂತು, ಚುಚ್ಚುತ್ತಿದ್ದ ಶೂ ಬಿಚ್ಚಿ ಕೊಡವಿದರು. ಮರಳು ಉದುರಿತು. ನೆಲ ಗಲೀಜಾಯಿತೆಂದು ಯಾರೋ ಗೊಣಗಿದರು.

ಒಳಗೆ ಹೇರಂಬ ಅದೇ ಚಪ್ಪಲಿಯಲ್ಲಿ ವೇದಿಕೆ ಹತ್ತಿದ. ಕಾಮಾಕ್ಷಮ್ಮ ಶಾಲು ಹೊದಿಸಿದರು. ಹಾಗೆಯೇ ಆ ಬಟನ್ ನೋಡಲೆಂದು ಬಗ್ಗಿದರು.

ಬಟನ್ ಇರಲಿಲ್ಲ. ಅದಿದ್ದ ಜಾಗದಲ್ಲಿ ಇಂಬಳ ಕಚ್ಚಿದ ಗಾಯವಿತ್ತು. ಹೇರಂಬ ಅದನ್ನು ಎಡಗಾಲಿನಿಂದ ಮೆಲ್ಲಗೆ ತುರಿಸಿಕೊಳ್ಳುತ್ತಿದ್ದ.