ಮೊಳೆ ತೂತಿನ ಹುಳ

"ಹುಳ ಬಂದಿದ್ದು ನಿನ್ ಕೈಯಿಂದೇಯ. ಮೀನ್ ಹಿಡ್ದ ಕೈ ಎಷ್ಟ್ ತಿಕ್ಕಿರೂ ಮೀನಿನ ಕೈಯೇಯ" ಎಂದು ವೆಂಕಟ್ರಮಣ ಚೀಸಿನ ಗಡ್ಡೆಯೊಂದನ್ನು ಗಂಗೆಯ ಮೂಗಿನ ಮುಂದೆ ಹಿಡಿದ. ಗಡ್ಡೆಯ ಮೈಮೇಲೆ ಅಕ್ಕಿಹಿಟ್ಟು ಚೆಲ್ಲಿದಂತಿತ್ತು. ಕಣ್ಣಿಟ್ಟು ನೋಡಿದರೆ ಆ ಹಿಟ್ಟು ನಡೆಯುತ್ತಿತ್ತು.

ಗಂಗೆಗೆ ಪಿತ್ತ ನೆತ್ತಿಗೇರಿತು. ಮೀನುಗಾರರ ಊರಾದ ತದಡಿ ಬಿಟ್ಟು ಕುಮಟೆಗೆ ಬಂದು ಈ ಕೆಲಸಕ್ಕೆ ಸೇರಿದ ಮೇಲೆ ಮೂರು ತಿಂಗಳಿನಿಂದ ಅವಳು ಮೀನಿನ ಬುಟ್ಟಿ ಮುಟ್ಟಿರಲಿಲ್ಲ. ಮನೆಯ ಸಾರಿಗೂ ಮೀನು ಬಿದ್ದಿರಲಿಲ್ಲ. ದಿನಾ ಬೆಳಿಗ್ಗೆ ಅಂಟುವಾಳದ ನೊರೆಯಲ್ಲಿ ಮೊಣಕೈವರೆಗೆ ತೊಳೆದುಕೊಂಡು, ನಲವತ್ತು ಗಡ್ಡೆಗಳನ್ನು ಎಳೆಗೂಸಿನ ಮಗ್ಗುಲು ಬದಲಿಸಿದ ಹಾಗೆ ಹೊರಳಿಸಿ, ಉಪ್ಪುನೀರಿನ ಬಟ್ಟೆಯಿಂದ ಒರೆಸಿದ್ದಳು. ಆ ಕೈಗೆ ಈ ಮಾತು.

ವೆಂಕಟ್ರಮಣ ಮುಂಬೈಯ ದೊಡ್ಡ ಹೋಟೆಲಿನಲ್ಲಿ ಅಡುಗೆ ಮಾಡಿದವ. ಯುದ್ಧ ಮುಗಿದ ಮೇಲೆ ಊರಿಗೆ ಬಂದು, ಅಕ್ಕಿ ಗಿರಣಿಯ ಹಿಂದಿನ ಚಿರೇಕಲ್ಲಿನ ಕೋಣೆಯಲ್ಲಿ ಎಮ್ಮೆ ಹಾಲಿನ ಚೀಸು ಮಾಗಿಸಿ ಅದೇ ಹೋಟೆಲಿಗೆ ಕಳಿಸಲು ಹೊರಟಿದ್ದ. ಮಳೆಗಾಲಕ್ಕೆ ಮುಂಚಿನ ಕಡೆಯ ಹಡಗು, ಆಗಬೋಟು, ಮುಂಬೈಗೆ ಹೊರಡಲು ಹನ್ನೆರಡೇ ದಿನ ಉಳಿದಿತ್ತು. ಹುಳ ಕಂಡದ್ದೇ ತಡ, ಮುಂಬೈಗೆ ಓಡಿ ಹಳೇ ಹಡಗಿನಿಂದ ಬಿಚ್ಚಿದ ಓಝೋನ್ ಯಂತ್ರ ತಂದಿದ್ದ. ಗಿರಣಿಯ ಎಂಜಿನ್ನಿಗೆ ಡೈನಮೋ ಕಟ್ಟಿ, ಬಾಗಿಲು ಮುಚ್ಚಿ ಚಾಲೂ ಮಾಡಿದರೆ, ಸಿಡಿಲು ಬಡಿದ ತೆಂಗಿನಮರದ ಹತ್ತಿರ ಬರುವಂಥ ವಾಸನೆಯ ಗಾಳಿ ಹುಟ್ಟುತ್ತಿತ್ತು. ಮರುದಿನ ಗಡ್ಡೆಯ ಮೇಲಿನ ಹುಳವೆಲ್ಲ ಸತ್ತಿರುತ್ತಿತ್ತು. ಮೂರನೆಯ ದಿನ ಹಿಟ್ಟು ಮತ್ತೆ ನಡೆಯುತ್ತಿತ್ತು. ಹೀಗೆ ಮೂರು ಸಲವಾಗಿತ್ತು.

"ಎಂಟು ದಿನ ಆತು, ಕೆಳಗಿನ ಸಾಲು ನಾ ಮುಟ್ಟದ್ದೇ ಇಲ್ಲ ಒಡೇರೆ. ಬೇಕಂತೇ ಬಿಟ್ಟಿದ್ದೆ" ಎಂದಳು ಗಂಗೆ. "ಅಲ್ಲೂ ಹುಳ ಅದೆ. ಅಲ್ಲಿಗೆ ಯಾರ ಕೈ ಬಂತು?"

ಹೊರಗೆ ಯಾರಿಗಾದರೂ ಕೇಳಿಸಿತೇ ಎಂದು ವೆಂಕಟ್ರಮಣ ಬಾಗಿಲಿನತ್ತ ನೋಡಿದ. ಉತ್ತರ ಇಬ್ಬರಿಗೂ ಗೊತ್ತಿತ್ತು. ಗಡ್ಡೆ ಇಟ್ಟ ಹಲಗೆಗಳು ಶಿರಸಿಯ ಸಾಗವಾನಿ ಎಂದು ಅವನು ಊರಿಗೆಲ್ಲ ಹೇಳಿದ್ದ. ಅವು ತದಡಿಯ ದಾಸನೆಂಬ ಮೀನುಗಾರನ ಒಡೆದ ದೋಣಿಯ ಹಲಗೆಗಳು, ಹತ್ತು ವರ್ಷ ಅವುಗಳ ಮೇಲೆ ಮೀನು ಒಣಗಿತ್ತು. ಒಣಮೀನಿಗೂ ಇದೇ ಹುಳ ಬೀಳುತ್ತದೆ. ಬಿದ್ದರೆ ತದಡಿಯಲ್ಲಿ ಯಾರೂ ಬಾಗಿಲು ಮುಚ್ಚಿ ಗಾಳಿ ಬಿಡುವುದಿಲ್ಲ, ತೂತಿನೊಳಗೆ ಅಡಗಿದ ಹುಳಕ್ಕೆ ಅದು ತಾಗದು. ಹಲಗೆ ಹೊರಗೆ ಹಾಕಿ, ಮೊಳೆಯ ತೂತುಗಳಿಗೆ ಕುದಿವ ಉಪ್ಪುನೀರು ಹೊಯ್ದು, ಬಿಸಿಲಿಗೆ ಬಿಡುತ್ತಾರೆ. ಹುಳ ಕಂಡ ಮೊದಲ ದಿನವೇ ಗಂಗೆ ಗುಟ್ಟಾಗಿ ಇದನ್ನು ಹೇಳಿದ್ದಳು. ಅವನು ಬಾಯಿ ಮುಚ್ಚಿಸಿದ್ದ. ಹಾಲು ಬರುವುದು ಮೀನು ತಿನ್ನದ ಮನೆಗಳಿಂದ. ಬಿಸಿಲಿಗೆ ಹಲಗೆಯ ನಾತ ಎದ್ದರೆ ನಾಳೆಯಿಂದ ಒಂದು ತಂಬಿಗೆ ಹಾಲೂ ಬಾರದು. ಅವನ ಕಷ್ಟ ಕಂಡು ಅವಳೂ ಸುಮ್ಮನಿದ್ದಳು, ಇವತ್ತಿನವರೆಗೆ.

"ನಾಳಿಂದ ಬರೂದು ಬೇಡ. ಯಾಕೆ ಬಿಡಿಸ್ದೆ ಅಂತ ಕೇಳಿದವ್ರಿಗೆ ನಾನೇ ಹೇಳ್ತೆ, ಅವಳ ಕೈ ಚೊಕ್ಕ ಇಲ್ಲ ಅಂತ."

ಗಂಗೆ ಬಗ್ಗಿದಳು. ಕೆಳಗಿನ ಹಲಗೆಯ ಮೇಲಿದ್ದ ಗಡ್ಡೆಗಳನ್ನು ಒಂದೊಂದಾಗಿ ಎತ್ತಿ ಒಗೆದ ಬಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಸೆರಗು ಬಿಗಿದು ಹಲಗೆಯನ್ನು ತಲೆಯ ಮೇಲೆ ಹೊತ್ತಳು. ವೆಂಕಟ್ರಮಣ ಬಾಗಿಲಿಗೆ ಅಡ್ಡ ಬಂದ. ಹಲಗೆಯ ತುದಿ ಎದೆಗೆ ತಾಗುವಷ್ಟು ಹತ್ತಿರ ಬಂದಾಗ ಸರಿದ.

"ಹೊಸ್ತಿಲು ದಾಟಿದ್ರೆ ಮತ್ತೆ ಈ ಬದಿ ಕಾಲಿಡಬೇಡ."

"ಆತು" ಎಂದು ಗಂಗೆ ದಾಟಿದಳು.

ಹಿಂದೆ ಬಾಗಿಲು ಧಡಾರನೆ ಮುಚ್ಚಿತು. ಸ್ವಲ್ಪ ಹೊತ್ತಿಗೆ ಯಂತ್ರದ ಗುಂಯ್ ಸದ್ದು ಶುರುವಾಯಿತು. ಅಂಗಳದಲ್ಲಿ ಹಾಲು ತಂದ ಸುಮತಿಯಮ್ಮ ಕೂತಿದ್ದಳು. ಗಂಗೆ ಹಲಗೆಯನ್ನು ಬಾಗಿಲ ಪಕ್ಕದ ಗೋಡೆಗೆ, ಬಿಸಿಲಿಗೆ ಒರಗಿಸಿದಳು. ಮರ ಕಾಯುತ್ತ ಬಂದ ಹಾಗೆ ನಾತ ಎದ್ದಿತು. ಸುಮತಿಯಮ್ಮ ಮೂಗಿಗೆ ಸೆರಗು ಹಿಡಿದು, ಎಂತ ಗಂಗೆ ಇದು ಎಂದಳು.

ಗಂಗೆ ಎರಡೂ ಅಂಗೈಗಳನ್ನು ಅವಳ ಮುಂದೆ ಚಾಚಿದಳು. "ಮೊದಲು ನನ್ ಕೈ ಮೂಸಿ ನೋಡಿ ಅಮ್ಮಾ. ಆಮೇಲೆ ಆ ಹಲಗೆ."

ಸುಮತಿಯಮ್ಮ ಕೈ ನೋಡಿದಳು, ಹಲಗೆ ನೋಡಿದಳು. ಕೆಳಗಿಟ್ಟಿದ್ದ ಹಾಲಿನ ತಂಬಿಗೆಯನ್ನು ಮತ್ತೆ ಎತ್ತಿಕೊಂಡಳು.

ಗಂಗೆ ತದಡಿಯ ದಾರಿ ಹಿಡಿದಳು. ಮತ್ತೆ ಆ ಅಂಗಳಕ್ಕೆ ಅವಳು ಬರಲಿಲ್ಲ. ಬಿಸಿಲಿಗೆ ಕಾದ ಹಲಗೆಯ ಮೊಳೆ ತೂತುಗಳಿಂದ ಹಿಟ್ಟು ಹೊರಬಿದ್ದು, ಗೋಡೆಯ ಬುಡಕ್ಕೆ ಇಳಿದು, ಮುಚ್ಚಿದ ಬಾಗಿಲಿನ ಸಂದಿಯ ನೆರಳಿನತ್ತ ನಡೆಯುತ್ತಿತ್ತು.